ರಾತ್ರಿ ಎರಡು ಗಂಟೆಗೆ ಕರೆಂಟು ಬಂದರೂ ಏಳಬೇಕಿಲ್ಲ: ಬೋರ್‌ವೆಲ್ ತೋಟಕ್ಕೆ ಆಟೋಮೇಷನ್ ಹಾಕಿಸುವುದು ಹೇಗೆ

ಬೇಸಿಗೆ ಶುರುವಾದರೆ ಸಾಕು, ನಮ್ಮ ಚನ್ನಗಿರಿ ಕಡೆ ಅಡಿಕೆ ತೋಟ ಇರುವ ಮನೆಯಲ್ಲಿ ಒಬ್ಬರಿಗಂತೂ ನೆಟ್ಟಗೆ ನಿದ್ದೆ ಇರುವುದಿಲ್ಲ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ದಿನಕ್ಕೆ ಏಳು ಗಂಟೆ ಅಂತ ಲೆಕ್ಕ. ಆ ಏಳು ಗಂಟೆ ಒಮ್ಮೆ ಹಗಲು ಬರುತ್ತದೆ, ಒಮ್ಮೆ ರಾತ್ರಿ, ಒಮ್ಮೆ ಅರ್ಧ ಹಗಲು ಅರ್ಧ ರಾತ್ರಿ. ರಾತ್ರಿ ಎರಡಕ್ಕೆ ಬಂದರೆ ಬ್ಯಾಟರಿ ಹಿಡಿದು ಹೊರಡಬೇಕು. ಬದುವಿನ ಮೇಲೆ ಹಾವು, ಗುಡ್ಡದ ಅಂಚಿನವರಿಗೆ ಕರಡಿ. ಅಪ್ಪ ಮೂವತ್ತು ವರ್ಷ ಹೀಗೇ ನೀರು ಕಟ್ಟಿದರು. ನಾನೂ ಏಳೆಂಟು ವರ್ಷ ಮಾಡಿದೆ. ಈಗ ಕರೆಂಟು ಬಂದಿದ್ದು, ಮೋಟರ್ ಓಡಿದ್ದು, ಎರಡನೇ ವಾಲ್ವ್ ತೆರೆದಿದ್ದು ಬೆಳಗ್ಗೆ ಕಾಫಿ ಕುಡಿಯುವಾಗ ಫೋನಿನಲ್ಲಿ ನೋಡುತ್ತೇನೆ.

‘ಸ್ಮಾರ್ಟ್ ಕೃಷಿ’ ಅಂದರೆ ಎಲ್ಲರೂ ಡ್ರೋನ್ ಚಿತ್ರ ಹಾಕುತ್ತಾರೆ. ನೋಡಲಿಕ್ಕೆ ಚೆನ್ನಾಗಿರುತ್ತದೆ, ನಿಜ. ಆದರೆ ನಾಲ್ಕೆಕರೆಯವನ ದಿನಚರಿ ಬದಲಾಗಿದ್ದು ಸ್ಟಾರ್ಟರ್ ಪಕ್ಕ ನೇತುಹಾಕಿದ ಒಂದು ಸಿಮ್ ಕಾರ್ಡ್ ಡಬ್ಬಿಯಿಂದ. ಪುಣೆಯ ಸಂತೋಷ್ ಓಸ್ತ್ವಾಲ್ ಅವರ ‘ನ್ಯಾನೋ ಗಣೇಶ್’ ಈ ಜಾತಿಯ ಡಬ್ಬಿಗಳಲ್ಲಿ ಹಳೆಯದು. ಸ್ಮಾರ್ಟ್‌ಫೋನ್ ಹಳ್ಳಿಗೆ ಬರುವ ಮುಂಚೆಯೇ ಬಟನ್ ಫೋನಿನಿಂದ ಮೋಟರ್ ಚಾಲೂ ಮಾಡಿಸಿದ ಸಾಧನ ಅದು. ಈಗ ಅಂಥವು ಹತ್ತಾರು ಕಂಪನಿಗಳಲ್ಲಿ ಸಿಗುತ್ತವೆ.

ಏನೇನು ಹಾಕಿಸಬೇಕು ಅನ್ನುವುದಕ್ಕಿಂತ ಯಾವುದನ್ನು ಮೊದಲು ಹಾಕಿಸಬೇಕು ಅನ್ನುವುದರಲ್ಲೇ ಜನ ತಪ್ಪುವುದು. ನಾನೂ ತಪ್ಪಿದೆ. ಒಂದು ಕೃಷಿ ಮೇಳದಲ್ಲಿ ಮಣ್ಣಿನ ತೇವ ಅಳೆಯುವ ಸೆನ್ಸರ್ ಕಂಡು ಮರುಳಾಗಿ ಅದನ್ನೇ ಮೊದಲು ತಂದೆ. ಮಣ್ಣು ಒಣಗಿದೆ ಅಂತ ಫೋನ್ ದಿನಾ ಹೇಳುತ್ತಿತ್ತು. ಅದು ನನಗೂ ಗೊತ್ತಿತ್ತು! ರಾತ್ರಿ ಎದ್ದು ಗೇಟ್‌ವಾಲ್ವ್ ತಿರುಗಿಸುವುದು ಮಾತ್ರ ತಪ್ಪಲಿಲ್ಲ. ಹಾಗಾಗಿ ಮೊದಲು ಅಳತೆ, ಆಮೇಲೆ ಮೋಟರಿಗೆ ರಕ್ಷಣೆ, ಆಮೇಲೆ ಮೊಬೈಲ್ ಸ್ಟಾರ್ಟರ್ (ಅದೇ ಸಿಮ್ ಡಬ್ಬಿ), ಅದಾದ ಮೇಲೆ ವಾಲ್ವ್. ಸೆನ್ಸರ್ ಎಲ್ಲಕ್ಕಿಂತ ಕೊನೆಗೆ.

1. ಒಂದು ಡ್ರಮ್ಮು, ಒಂದು ವಾಚು

ದುಡ್ಡು ಬಿಚ್ಚುವ ಮುಂಚೆ ಒಂದು ಭಾನುವಾರ ಇದಕ್ಕೆ ಕೊಡಿ. 200 ಲೀಟರಿನ ಡ್ರಮ್ಮನ್ನು ಬೋರಿನ ಪೈಪಿನ ಬಾಯಿಗೆ ಇಟ್ಟು, ತುಂಬಲು ಎಷ್ಟು ಸೆಕೆಂಡು ಹಿಡಿಯುತ್ತದೆ ನೋಡಿ. ಮೋಟರ್ ಹಾಕಿದ ತಕ್ಷಣ ಅಳೆಯಬೇಡಿ. ಆಗ ಬೋರಿನಲ್ಲಿ ನಿಂತ ನೀರು ರಭಸವಾಗಿ ಬರುತ್ತದೆ. ಎರಡು ಗಂಟೆ ಓಡಿಸಿದ ಮೇಲೆ ಅಳೆಯಿರಿ, ಅದೂ ಏಪ್ರಿಲ್ ತಿಂಗಳಲ್ಲಿ. ಮಳೆಗಾಲದ ಅಳತೆ ನಂಬಿದರೆ ಬೇಸಿಗೆಯಲ್ಲಿ ಕೈಕೊಡುತ್ತದೆ.

ನಮ್ಮ ಲೆಕ್ಕ ಹೇಳುತ್ತೇನೆ. ಡ್ರಮ್ಮು ತುಂಬಲು 120 ಸೆಕೆಂಡು. ಅಂದರೆ ಗಂಟೆಗೆ 6,000 ಲೀಟರ್. ತೋಟ ನಾಲ್ಕೆಕರೆ, ಒಂಬತ್ತು ಅಡಿಗೊಂದು ಗಿಡ, ಹೋಗಿದ್ದು ಸತ್ತಿದ್ದು ಬಿಟ್ಟು 2,100 ಮರ. ಕಾಸರಗೋಡಿನ ಸಿಪಿಸಿಆರ್‌ಐ, ಅಂದರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ಡ್ರಿಪ್ಪಿನಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಕೊಡಿ ಅನ್ನುತ್ತದೆ. ನಾನು 18 ಇಟ್ಟುಕೊಂಡೆ. ಮರಕ್ಕೆ ಗಂಟೆಗೆ 4 ಲೀಟರಿನ ಎರಡು ಡ್ರಿಪ್ಪರ್. ಅಲ್ಲಿಗೆ ಗಂಟೆಗೆ 8 ಲೀಟರ್, 18 ಲೀಟರಿಗೆ ಎರಡೂಕಾಲು ಗಂಟೆ.

2,100 ಮರಕ್ಕೂ ಒಟ್ಟಿಗೆ ಬಿಟ್ಟರೆ ಗಂಟೆಗೆ 16,800 ಲೀಟರ್ ಬೇಕು. ನಮ್ಮ ಬೋರಿನಲ್ಲಿ ಅಷ್ಟೆಲ್ಲಿದೆ? ಮೂರು ಭಾಗ ಮಾಡಿದರೆ ಒಂದರಲ್ಲಿ 700 ಮರ, ಗಂಟೆಗೆ 5,600 ಲೀಟರ್. 6,000ದ ಒಳಗೆ ಬಂತು. ಮೂರು ಭಾಗಕ್ಕೂ ತಲಾ ಎರಡೂಕಾಲು ಗಂಟೆ ಅಂದರೆ ಆರೂ ಮುಕ್ಕಾಲು ಗಂಟೆ. ಏಳು ಗಂಟೆ ಕರೆಂಟಿಗೆ ಸರಿಹೋಯಿತು. ಒಂದು ಮಾತು ನೆನಪಿಡಿ, ಬಾಯಿ ತೆರೆದ ಪೈಪಿನಲ್ಲಿ ಬರುವಷ್ಟು ನೀರು ಡ್ರಿಪ್ಪಿನ ಒತ್ತಡಕ್ಕೆ ಬರುವುದಿಲ್ಲ. ಸ್ವಲ್ಪ ಮಿಗುವ ಹಾಗೇ ಲೆಕ್ಕ ಹಾಕಿ.

ನಿಮ್ಮ ಲೆಕ್ಕ ಏಳು ಗಂಟೆಯಲ್ಲಿ ಕೂರದಿದ್ದರೆ ಯಾವ ಯಂತ್ರ ತಂದರೂ ಕೂರುವುದಿಲ್ಲ. ಆಗ ದಿನ ಬಿಟ್ಟು ದಿನ ಕೊಡುವುದೋ, ತೊಟ್ಟಿ ಕಟ್ಟಿಸುವುದೋ, ಗಿಡ ಕಡಿಮೆ ಮಾಡುವುದೋ ಮೊದಲು ತೀರ್ಮಾನ ಮಾಡಿಕೊಳ್ಳಿ.

2. ಮೋಟರ್ ಸುಡದ ಹಾಗೆ ನೋಡಿಕೊಳ್ಳಿ

ಕೈಯಲ್ಲಿ ಬಟನ್ ಒತ್ತುವವನಿಗೆ ಕಿವಿ ಇರುತ್ತದೆ. ಗುಂಯ್ ಅನ್ನುವ ಸದ್ದು ಬದಲಾದರೆ ಕೂಡಲೇ ಆಫ್ ಮಾಡುತ್ತಾನೆ. ದೂರದಿಂದ ಓಡಿಸುವಾಗ ಆ ಕೆಲಸವನ್ನು ಪ್ಯಾನೆಲ್ ಮಾಡಬೇಕು. ಮೂರು ರಕ್ಷಣೆ ಇದೆಯಾ ಅಂತ ಕೇಳಿ: ಒಂದು ಫೇಸ್ ಹೋದರೆ ಆಫ್ ಆಗುವುದು, ಲೋಡು ಜಾಸ್ತಿಯಾದರೆ ಆಫ್ ಆಗುವುದು, ನೀರು ಖಾಲಿಯಾದರೆ ಆಫ್ ಆಗುವುದು. ಕೊನೆಯದಕ್ಕೆ ಡ್ರೈ ರನ್ ಅನ್ನುತ್ತಾರೆ. ಬೋರಿನವರಿಗೆ ಇದೇ ಮುಖ್ಯ. ಮೋಟರ್ ಎತ್ತಿಸಿ, ರೀವೈಂಡಿಂಗ್ ಮಾಡಿಸಿ, ಮತ್ತೆ ಇಳಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಡ್ರೈ ರನ್ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದರೆ ಸೆಟ್ಟಿಂಗ್ ನೀವೇ ಮಾಡಬಹುದು. ನೀರು ಎತ್ತುವಾಗ ಮೋಟರ್ ಇಷ್ಟು ಆಂಪಿಯರ್ ಎಳೆಯುತ್ತದೆ ಅಂತ ಇರುತ್ತದೆ. ನೀರು ಮುಗಿದರೆ ಕೆಲಸ ಕಡಿಮೆ, ಹಾಗಾಗಿ ಆಂಪಿಯರ್ ಇಳಿಯುತ್ತದೆ. ಪ್ಯಾನೆಲ್ ನೋಡುವುದು ಈ ಇಳಿತವನ್ನೇ. ಕ್ಲಾಂಪ್ ಮೀಟರ್ ಇರುವ ಎಲೆಕ್ಟ್ರಿಷಿಯನ್ನನ್ನು ಕರೆದು ಮೂರೂ ಫೇಸಿನ ಆಂಪಿಯರ್ ಬರೆಸಿಕೊಳ್ಳಿ. ನಮ್ಮದರಲ್ಲಿ 9.2 ಬಂತು. ಓವರ್‌ಲೋಡ್ 10.5ಕ್ಕೆ, ಡ್ರೈ ರನ್ 7ಕ್ಕೆ ಇಟ್ಟೆವು. ನಿಮ್ಮದು ಬೇರೆ ಇರುತ್ತದೆ, ನನ್ನ ಅಂಕಿ ನೋಡಿ ಇಡಬೇಡಿ. ಮೋಟರಿನ ನೇಮ್ ಪ್ಲೇಟಿನ ಆಂಪಿಯರ್ ದಾಟಿ ಓವರ್‌ಲೋಡ್ ಇಡುವುದಂತೂ ಬೇಡ.

ಇಲ್ಲೊಂದು ಸೂಕ್ಷ್ಮ ಇದೆ, ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಬೋರಿನಲ್ಲಿ ನೀರಿದ್ದೂ ಮುಂದೆ ಹೋಗಲು ದಾರಿ ಇಲ್ಲದಿದ್ದರೂ ಆಂಪಿಯರ್ ಇಳಿಯುತ್ತದೆ. ಫಿಲ್ಟರ್ ಕಟ್ಟಿದರೆ, ವಾಲ್ವ್ ಅರ್ಧ ಮುಚ್ಚಿದ್ದರೆ ಪ್ಯಾನೆಲ್ ‘ನೀರಿಲ್ಲ’ ಅಂದುಕೊಂಡು ಮೋಟರ್ ನಿಲ್ಲಿಸುತ್ತದೆ. ನಮಗೆ ಒಂದು ವಾರ ಹೀಗಾಯಿತು. ಬೋರ್ ಬತ್ತಿತು ಅಂತ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಕೊನೆಗೆ ಫಿಲ್ಟರ್ ಬಿಚ್ಚಿದರೆ ಡಿಸ್ಕಿನ ತುಂಬ ಕೆಂಪು ಕೆಸರು. ತೊಳೆದು ಹಾಕಿದ ಮೇಲೆ 9.2 ತಾನಾಗೇ ಬಂತು. ಅದಕ್ಕೇ ಆಂಪಿಯರ್ ಅಳೆಯುವಾಗ ಎಲ್ಲಕ್ಕಿಂತ ಸಣ್ಣ ಭಾಗಕ್ಕೆ ನೀರು ಬಿಟ್ಟುಕೊಂಡು ಅಳೆಯಿರಿ. ಡ್ರೈ ರನ್ ಸೆಟ್ಟಿಂಗ್ ಅದಕ್ಕಿಂತ ಕೆಳಗೆ ಇರಲಿ.

ನೀರು ನಿಂತ ಮೇಲೆ ಎಷ್ಟು ಹೊತ್ತು ಬಿಟ್ಟು ಮತ್ತೆ ಶುರುವಾಗಬೇಕು ಅನ್ನುವುದೂ ಸೆಟ್ ಮಾಡುವ ಹಾಗೆ ಇರಬೇಕು. ಕೆಲವು ಬೋರು ಅರ್ಧ ಗಂಟೆಗೆ ತುಂಬಿಕೊಳ್ಳುತ್ತದೆ, ಕೆಲವಕ್ಕೆ ಎರಡು ಗಂಟೆ ಬೇಕು.

ರಾತ್ರಿ ಸಿಂಗಲ್ ಫೇಸಿನಲ್ಲಿ ಕಂಡೆನ್ಸರ್ ಹಾಕಿ ತ್ರೀ ಫೇಸ್ ಮೋಟರ್ ಓಡಿಸುವವರು ಎಲ್ಲ ಊರಲ್ಲೂ ಇದ್ದಾರೆ. ಆಟೋಮೇಷನ್ ಹಾಕಿಸಿದ ಮೇಲಾದರೂ ಆ ಅಭ್ಯಾಸ ಬಿಡಿ. ಅರ್ಥಿಂಗ್ ಗುಂಡಿಗೆ ನೀರು ಹಾಕುವುದನ್ನು ಮರೆಯಬೇಡಿ. ಏಪ್ರಿಲ್, ಮೇ ಗುಡುಗಿನ ಮಳೆಗೆ ಈ ಎಲೆಕ್ಟ್ರಾನಿಕ್ ಬೋರ್ಡುಗಳು ಬೇಗ ಸಾಯುತ್ತವೆ. ಸಿಡಿಲಿಗೆ ಸರ್ಜ್ ಅರೆಸ್ಟರ್ ಹಾಕಿಸಿದರೆ ಉಳಿಯುವ ಸಾಧ್ಯತೆ ಜಾಸ್ತಿ.

3. ಸಿಮ್ ಡಬ್ಬಿ ಕೊಳ್ಳುವಾಗ

ನಾನು ಕೊಟ್ಟಿದ್ದು ಏಳು ಸಾವಿರದ ಚಿಲ್ಲರೆ. ಇದಕ್ಕಿಂತ ಅಗ್ಗದ್ದೂ ಇವೆ, ದುಬಾರಿಯವೂ ಇವೆ. ರೇಟಿಗಿಂತ ಮೊದಲು ಸಿಗ್ನಲ್ ನೋಡಿ. ಯಾವ ಕಂಪನಿ ಸಿಮ್ ನಿಮ್ಮ ಮನೆಯಲ್ಲಿ ಸಿಗುತ್ತದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ. ಸ್ಟಾರ್ಟರ್ ಡಬ್ಬದ ಹತ್ತಿರ ನಿಂತು ನೋಡಬೇಕು. ಹಳೆ ಮಾದರಿಯ ಡಬ್ಬಿಗಳು 2ಜಿಯಲ್ಲಿ ಮಾತ್ರ ಕೆಲಸ ಮಾಡುತ್ತವೆ. ಜಿಯೋದಲ್ಲಿ 2ಜಿ ಇಲ್ಲ, ಹಾಗಾಗಿ ಅದರ ಸಿಮ್ ಅವುಗಳಲ್ಲಿ ನಡೆಯುವುದಿಲ್ಲ. ಹೊಸದಾಗಿ ಕೊಳ್ಳುವವರು 4ಜಿ ಡಬ್ಬಿಯನ್ನೇ ಕೊಳ್ಳುವುದು ಒಳ್ಳೆಯದು.

ಡಬ್ಬಿಯಲ್ಲಿ ಸಣ್ಣ ಬ್ಯಾಟರಿ ಇರಲಿ. ಇಲ್ಲದಿದ್ದರೆ ಕರೆಂಟು ಹೋದ ಸುದ್ದಿ ಹೇಳಲು ಅದಕ್ಕೇ ಕರೆಂಟು ಇರುವುದಿಲ್ಲ.

ನೀವು ಕೊಟ್ಟ ನಂಬರುಗಳಿಗೆ ಮಾತ್ರ ಅದು ಓಗೊಡಬೇಕು. ನಮ್ಮೂರಿನ ಒಬ್ಬರ ಡಬ್ಬಿಗೆ ಈ ಬಂದೋಬಸ್ತು ಇರಲಿಲ್ಲ. ಸಾಲ ಬೇಕೇ ಅಂತ ಕೇಳುವವರ ಕಾಲ್ ಬಂದಾಗಲೆಲ್ಲ ಮೋಟರ್ ಶುರುವಾಗುತ್ತಿತ್ತು. ಕೇಳಿ ನಕ್ಕಿದ್ದೆವು, ಅವರಿಗೆ ಮಾತ್ರ ನಗು ಬರಲಿಲ್ಲ.

ಸಿಮ್ಮಿನ ವ್ಯಾಲಿಡಿಟಿ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಆನ್ ಮಾಡಿದ ಮೇಲೆ ರೀಚಾರ್ಜ್ ಮುಗಿದರೆ ಆಫ್ ಮಾಡಲು ಆಗುವುದಿಲ್ಲ. ಅಂಥ ಹೊತ್ತಿಗೆ ಅಂತಲೇ ಟೈಮರ್ ಇರಬೇಕು: ಇಷ್ಟು ಗಂಟೆ ಓಡಿದ ಮೇಲೆ ಯಾರೂ ಹೇಳದಿದ್ದರೂ ನಿಲ್ಲುವ ಹಾಗೆ.

ಡಬ್ಬದ ಒಳಗೆ ವೈರ್ ಬರುವ ತೂತುಗಳನ್ನೆಲ್ಲ ಮುಚ್ಚಿಸಿ. ಬೆಚ್ಚಗಿರುತ್ತದೆ ಅಂತ ಹಲ್ಲಿ ಸೇರಿಕೊಳ್ಳುತ್ತದೆ, ಇರುವೆ ಗೂಡು ಕಟ್ಟುತ್ತದೆ. ಮೋಟರಿಗೆ ಕರೆಂಟು ಜೋಡಿಸುವ ಕಾಂಟ್ಯಾಕ್ಟರ್ ಮಧ್ಯೆ ಹಲ್ಲಿ ಸಿಕ್ಕಿಕೊಂಡರೆ ಯಾವ ಆ್ಯಪಿನಿಂದಲೂ ಏನೂ ಆಗುವುದಿಲ್ಲ.

4. ಕರೆಂಟು ಬಂದ ಕೂಡಲೇ ಮೋಟರ್ ಓಡಿಸಬೇಡಿ

ಈ ಡಬ್ಬಿಗಳಲ್ಲಿ ‘ಆಟೋ’ ಅಂತ ಒಂದಿರುತ್ತದೆ. ಕರೆಂಟು ಬಂದರೆ ತಾನೇ ಮೋಟರ್ ಹಾಕುತ್ತದೆ. ಒಂದೇ ಟಿಸಿಯಲ್ಲಿ, ಅಂದರೆ ಟ್ರಾನ್ಸ್‌ಫಾರ್ಮರಿನಲ್ಲಿ, ಹತ್ತು ಮೋಟರ್ ಇದ್ದು, ಹತ್ತೂ ಆಟೋದಲ್ಲಿದ್ದರೆ ಏನಾಗುತ್ತದೆ ಯೋಚಿಸಿ. ಶುರುವಾಗುವ ಗಳಿಗೆಯಲ್ಲಿ ಮೋಟರ್ ಓಡುವಾಗಿನ ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಹತ್ತೂ ಒಟ್ಟಿಗೆ ಎಳೆದರೆ ವೋಲ್ಟೇಜು ಕುಸಿಯುತ್ತದೆ, ಫ್ಯೂಸ್ ಹೋಗುತ್ತದೆ. ಗ್ರಹಚಾರ ಕೆಟ್ಟಿದ್ದರೆ ಟಿಸಿಯೇ ಸುಡುತ್ತದೆ. ಬೇಸಿಗೆಯಲ್ಲಿ ಟಿಸಿ ಸುಟ್ಟರೆ ಬೇರೆ ಬರುವ ತನಕ ತೋಟದ ಗತಿ ಗೊತ್ತಲ್ವಾ?

ಪರಿಹಾರಕ್ಕೆ ದುಡ್ಡು ಬೇಕಿಲ್ಲ. ಡಬ್ಬಿಯಲ್ಲಿ ‘ಡಿಲೇ’ ಅಂತ ಇರುತ್ತದೆ. ನಮ್ಮ ಟಿಸಿಯ ಒಂಬತ್ತು ಜನ ಒಂದು ಸಂಜೆ ದೇವಸ್ಥಾನದ ಕಟ್ಟೆ ಮೇಲೆ ಕೂತು ಹಂಚಿಕೊಂಡೆವು. ಮೊದಲನೆಯವರದು 2 ನಿಮಿಷಕ್ಕೆ, ಎರಡನೆಯವರದು 4ಕ್ಕೆ, ಹೀಗೆ 18 ನಿಮಿಷದೊಳಗೆ ಒಂಬತ್ತೂ ಮೋಟರ್. ಮೊದಲ ನಂಬರ್ ಯಾರಿಗೆ ಅನ್ನುವುದಕ್ಕೇ ಒಂದು ಗಂಟೆ ಹಿಡಿಯಿತು, ಅದು ಬೇರೆ ಮಾತು. ಕೊನೆಗೆ ಚೀಟಿ ಎತ್ತಿದೆವು.

ಇನ್ನೊಂದು. 10 ಎಚ್‌ಪಿ ತನಕ ಕರೆಂಟು ಪುಕ್ಕಟೆ ಅಂತ ಆಟೋವನ್ನು ವರ್ಷಪೂರ್ತಿ ಬಿಟ್ಟಿರುವವರಿದ್ದಾರೆ. ಮಳೆ ಬೀಳುವಾಗಲೂ ಮೋಟರ್ ಓಡುತ್ತಿರುತ್ತದೆ. ಅಂತರ್ಜಲ ಖಾಲಿ ಮಾಡುವುದಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಮಳೆ ಬಂದ ದಿನ ಫೋನ್ ತೆಗೆದು ಆಟೋ ಆಫ್ ಮಾಡಿ.

5. ವಾಲ್ವು

ಇಲ್ಲಿಗೆ ಬರುವ ಹೊತ್ತಿಗೆ ಮೋಟರ್ ತಾನೇ ಓಡುತ್ತದೆ. ಆದರೆ ಎರಡೂಕಾಲು ಗಂಟೆಗೊಮ್ಮೆ ಗೇಟ್‌ವಾಲ್ವ್ ತಿರುಗಿಸಲು ಇನ್ನೂ ಯಾರಾದರೂ ಹೋಗಬೇಕು. ಅದರ ಜಾಗಕ್ಕೆ ಕರೆಂಟಿನ ಸಂಕೇತಕ್ಕೆ ತಾನೇ ತೆರೆದು ಮುಚ್ಚುವ ಸೊಲೆನಾಯ್ಡ್ ವಾಲ್ವ್ ಬರುತ್ತದೆ. ಮೇನ್ ಲೈನಿನಿಂದ ಒಂದೊಂದು ಭಾಗಕ್ಕೆ ಹೋಗುವ ಪೈಪಿಗೆ, ಅಂದರೆ ಸಬ್‌ಮೇನಿಗೆ, ಒಂದೊಂದು. ಎಲ್ಲಕ್ಕೂ ಸೇರಿ ಒಂದು ಕಂಟ್ರೋಲರ್.

ಈ ವಾಲ್ವಿನಲ್ಲಿ ಎರಡು ಬಗೆ. 24 ವೋಲ್ಟ್ ಎಸಿಯದು ಕರೆಂಟು ಇರುವ ತನಕ ತೆರೆದಿರುತ್ತದೆ, ಹೋದರೆ ಮುಚ್ಚಿಕೊಳ್ಳುತ್ತದೆ. ಲ್ಯಾಚಿಂಗ್ ಅನ್ನುವುದಕ್ಕೆ ಬ್ಯಾಟರಿಯಿಂದ ಒಂದು ಸಣ್ಣ ಏಟು ಸಾಕು, ಇನ್ನೊಂದು ಏಟು ಬೀಳುವ ತನಕ ಅಲ್ಲೇ ಇರುತ್ತದೆ. ವೈರ್ ಎಳೆಯದೆ ರೇಡಿಯೋದಲ್ಲಿ ನಡೆಸುವವು ಸಾಮಾನ್ಯವಾಗಿ ಈ ಎರಡನೇ ಜಾತಿ. ನಾನು ವೈರಿನದೇ ಹಾಕಿಸಿದೆ. ಕೆಟ್ಟರೆ ನಮ್ಮೂರ ಎಲೆಕ್ಟ್ರಿಷಿಯನ್ ಸರಿ ಮಾಡಬಲ್ಲ ಅನ್ನುವ ಒಂದೇ ಕಾರಣಕ್ಕೆ. ಆದರೆ ವೈರನ್ನು ಪೈಪಿನೊಳಗೆ ಹಾಕಿ ಹೂತಿಡಬೇಕು. ಮೇಲೆ ಬಿಟ್ಟರೆ ಇಲಿ, ಅಳಿಲು, ಹಂದಿ, ಆಮೇಲೆ ಕಳೆ ಹೊಡೆಯುವ ಮಷಿನ್, ಯಾವುದಾದರೂ ಒಂದು ಕತ್ತರಿಸಿಯೇ ಕತ್ತರಿಸುತ್ತದೆ.

ಕಂಟ್ರೋಲರ್ ಮಾರುವವರಿಗೆ ಎರಡು ಪ್ರಶ್ನೆ ಕೇಳಿ.

ಮೊದಲನೆಯದು, ನೀರು ಬಿಡುವಾಗ ಕರೆಂಟು ಹೋಗಿ ಮತ್ತೆ ಬಂದರೆ ಎಲ್ಲಿಂದ ಶುರು ಮಾಡುತ್ತದೆ? ನಿಂತಲ್ಲಿಂದ ಶುರು ಮಾಡಬೇಕು. ಮೊದಲಿನಿಂದ ಶುರು ಮಾಡುವುದಾದರೆ ನಮ್ಮಂಥ ಕರೆಂಟಿಗೆ ಒಂದನೇ ಭಾಗ ಕೆಸರುಗದ್ದೆ ಆಗುತ್ತದೆ, ಮೂರನೇ ಭಾಗ ಒಣಗುತ್ತದೆ. ಯಾವ ವಾಲ್ವ್ ಎಷ್ಟು ನಿಮಿಷ ಓಡಿತು ಅನ್ನುವ ನೆನಪು ಅದಕ್ಕೆ ಇರಲೇಬೇಕು.

ಎರಡನೆಯದು, ಒಂದು ವಾಲ್ವ್ ಮುಚ್ಚುವ ಮುಂಚೆ ಇನ್ನೊಂದು ತೆರೆಯುತ್ತದೆಯೇ? ಮೋಟರ್ ಓಡುತ್ತಿರುವಾಗ ಒಂದು ಕ್ಷಣ ಎಲ್ಲ ಬಾಯಿಯೂ ಮುಚ್ಚಿದರೆ ಒತ್ತಡ ಏರಿ ಪೈಪು ಒಡೆಯುತ್ತದೆ. ಅರ್ಧ ನಿಮಿಷವಾದರೂ ಎರಡೂ ತೆರೆದಿರಬೇಕು. ಇದನ್ನು ನಾನು ಕೇಳಿರಲಿಲ್ಲ. ಹಾಕಿಸಿದ ಮೂರನೇ ರಾತ್ರಿ ಮೇನ್ ಲೈನಿನ ಜಾಯಿಂಟು ಬಿಚ್ಚಿಕೊಂಡಿತು. ಆ ಭಾಗದ ನೀರೆಲ್ಲ ಪಕ್ಕದವರ ಮೆಕ್ಕೆಜೋಳಕ್ಕೆ ಹೋಯಿತು. ಬೆಳಗ್ಗೆ ಅವರೇ ಬಂದು ‘ಏನಪ್ಪಾ, ನಮ್ಮ ಹೊಲಕ್ಕೂ ಆಟೋಮೇಟಿಕ್ ಮಾಡಿಸಿದ್ದೀಯಾ?’ ಅಂತ ಕೇಳಿದರು.

ಆ ಬೆಳಗ್ಗೆಯೇ ಇನ್ನೊಂದೂ ಅರ್ಥವಾಯಿತು. ಕಂಟ್ರೋಲರಿನ ಪ್ರಕಾರ ಎಲ್ಲ ಸರಿ ಇತ್ತು. ವಾಲ್ವ್ ತೆರೆದಿದೆ, ಎರಡೂಕಾಲು ಗಂಟೆ ಓಡಿದೆ, ಮುಗಿದಿದೆ. ನೀರು ಮರದ ಬುಡಕ್ಕೆ ಹೋಯಿತಾ ಅನ್ನುವುದು ಅದಕ್ಕೆ ಗೊತ್ತಾಗುವುದಿಲ್ಲ. ಆಮೇಲೆ ಒಂದು ವಾಟರ್ ಮೀಟರ್ ಹಾಕಿಸಿದೆ. ಗಂಟೆಗೆ 5,600 ಲೀಟರಿನ ಆಸುಪಾಸು ಇರಬೇಕಾದ ಕಡೆ ಒಮ್ಮೆಲೇ ಜಾಸ್ತಿ ತೋರಿಸಿದರೆ ಎಲ್ಲೋ ಒಡೆದಿದೆ, ಕಡಿಮೆ ತೋರಿಸಿದರೆ ಎಲ್ಲೋ ಕಟ್ಟಿದೆ. ನನ್ನನ್ನು ಕೇಳಿದರೆ ಸೆನ್ಸರಿಗಿಂತ ಮೊದಲು ಈ ಮೀಟರಿಗೆ ದುಡ್ಡು ಹಾಕಿ.

ಫಿಲ್ಟರಿನ ಆಚೆ ಈಚೆ ಎರಡು ಪ್ರೆಷರ್ ಗೇಜ್ ಇರಲಿ. ವ್ಯತ್ಯಾಸ ಅರ್ಧ ಕೆಜಿ ದಾಟಿದರೆ ತೊಳೆಯುವ ಹೊತ್ತಾಯಿತು ಅಂತ ಅರ್ಥ. ಸೊಲೆನಾಯ್ಡ್ ಒಳಗಿನ ರಬ್ಬರ್ ಡಯಾಫ್ರಮ್‌ಗೆ ಒಂದು ಸಣ್ಣ ಕಲ್ಲು ಸಿಕ್ಕರೂ ವಾಲ್ವ್ ಪೂರ್ತಿ ಮುಚ್ಚುವುದಿಲ್ಲ.

ಹೊಸದಾಗಿ ಡ್ರಿಪ್ಪನ್ನೇ ಹಾಕಿಸುವವರು ಮೊದಲು ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ನಂಬರ್) ಮಾಡಿಸಿಕೊಂಡು ತೋಟಗಾರಿಕೆ ಇಲಾಖೆಯಲ್ಲೋ, ರೈತ ಸಂಪರ್ಕ ಕೇಂದ್ರದಲ್ಲೋ ಸಹಾಯಧನ ಕೇಳಿ. ಸಾಮಾನು ಕೊಂಡ ಮೇಲೆ ಹೋಗುವುದಲ್ಲ, ಮುಂಚೆ ಹೋಗಬೇಕು. ಆಟೋಮೇಷನ್ನಿಗೂ ಏನಾದರೂ ಇದೆಯಾ ಅಂತ ಅಲ್ಲೇ ಕೇಳಿಕೊಳ್ಳಿ.

6. ಈಗ ಸೆನ್ಸರ್

ಟೈಮಿನ ಪ್ರಕಾರ ನೀರು ಸರಿಯಾಗಿ ಹೋಗುತ್ತಿದೆ ಅಂತಾದ ಮೇಲೆ, ಅಷ್ಟು ನೀರು ಬೇಕೇ ಅನ್ನುವ ಪ್ರಶ್ನೆ ಬರುತ್ತದೆ. ಸೆನ್ಸರಿನ ಕೆಲಸ ಅದು. ತಂತಿ, ಆ್ಯಪ್ ಏನೂ ಇಲ್ಲದ ಒಂದು ಸರಳ ಸಾಧನ ಇದೆ. ಕೊಯಮತ್ತೂರಿನ ಕಬ್ಬು ತಳಿ ಸಂಶೋಧನಾ ಸಂಸ್ಥೆಯವರು ಮಾಡಿದ್ದು. ಎರಡು ಸಲಾಕೆ ಮಣ್ಣಿಗೆ ಚುಚ್ಚಿದರೆ ದೀಪ ಹತ್ತುತ್ತದೆ. ನೀಲಿ ಬಂದರೆ ತೇವ ಬೇಕಾದಷ್ಟಿದೆ, ಹಸಿರು ಬಂದರೆ ಸಾಕಷ್ಟಿದೆ, ಕಿತ್ತಳೆ ಬಂದರೆ ಕಡಿಮೆ, ಕೆಂಪು ಬಂದರೆ ತೀರಾ ಕಡಿಮೆ. ಓದು ಬರಹ ಬಾರದವರಿಗೂ ಅರ್ಥವಾಗುತ್ತದೆ.

ತೋಟದಲ್ಲೇ ಬಿಟ್ಟುಬಿಡುವ ಸೆನ್ಸರ್ ಹಾಕುವುದಾದರೆ ಡ್ರಿಪ್ಪರಿನ ನೇರ ಕೆಳಗೆ ಹೂಳಬೇಡಿ, ಅಲ್ಲಿ ಯಾವಾಗಲೂ ಒದ್ದೆ. ಡ್ರಿಪ್ಪರಿನಿಂದ ಒಂದು ಗೇಣು ದೂರ, ಒಂದಡಿ ಆಳ ಸರಿ. ಇನ್ನೊಂದನ್ನು ಎರಡಡಿ ಆಳಕ್ಕೆ ಹಾಕಿದರೆ ನೀರು ಬೇರು ದಾಟಿ ಸುಮ್ನೆ ಇಳಿದು ಹೋಗುತ್ತಿದೆಯಾ ಅಂತ ತಿಳಿಯುತ್ತದೆ. ನನಗೆ ಉಪಯೋಗಕ್ಕೆ ಬಂದಿದ್ದು ಈ ಎರಡನೆಯದೇ. ಡಿಸೆಂಬರಿನಲ್ಲಿ ಎರಡಡಿಯಲ್ಲೂ ಒದ್ದೆ ತೋರಿಸಿತು. ಎರಡೂಕಾಲು ಗಂಟೆಯನ್ನು ಒಂದೂವರೆಗೆ ಇಳಿಸಿದೆ. ಮರ ಬಾಡಲಿಲ್ಲ. ತೋಟದಲ್ಲಿ ಕೆಂಪು, ಕಪ್ಪು ಎರಡೂ ಮಣ್ಣಿದ್ದರೆ ಎರಡು ಕಡೆ ಹಾಕಬೇಕು. ಒಂದರ ಮಾತು ಇನ್ನೊಂದಕ್ಕೆ ಹೊಂದುವುದಿಲ್ಲ.

ಮೊದಲ ಬೇಸಿಗೆ ಸೆನ್ಸರನ್ನು ಮೋಟರಿಗೆ ಜೋಡಿಸಬೇಡಿ. ಅದು ಹೇಳುವುದನ್ನು ಸುಮ್ನೆ ನೋಡಿ, ಗುದ್ದಲಿಯಲ್ಲಿ ಮಣ್ಣು ತೆಗೆದು ಮುಷ್ಟಿ ಕಟ್ಟಿ ಹೋಲಿಸಿ. ಮಳೆಯ ಅಂದಾಜಿಗೆ ಹವಾಮಾನ ಇಲಾಖೆಯ ಮೇಘದೂತ್ ಆ್ಯಪ್ ಇದೆ. ಮಂಗಳವಾರ, ಶುಕ್ರವಾರ ಬೆಳೆ ಸಲಹೆ ಬರುತ್ತದೆ, ಕನ್ನಡದಲ್ಲೂ ಓದಬಹುದು.

ಡ್ರೋನ್ ಬಗ್ಗೆ ಕೇಳುವವರಿಗೆ: ಭತ್ತ, ತೊಗರಿ, ಮೆಕ್ಕೆಜೋಳದವರಿಗೆ ಅದು ಕೆಲಸದ ವಸ್ತು. ಹತ್ತು ಲೀಟರಿನ ಡ್ರೋನ್ ಒಂದೆಕರೆಯನ್ನು ಹತ್ತು ನಿಮಿಷದೊಳಗೆ ಮುಗಿಸುತ್ತದೆ. ಆದರೆ ಹಾರಿಸುವವರಿಗೆ 2021ರ ಡ್ರೋನ್ ನಿಯಮದಂತೆ ಪೈಲಟ್ ಸರ್ಟಿಫಿಕೇಟ್ ಬೇಕು, ಆದ್ದರಿಂದ ಬಾಡಿಗೆಗೆ ಕರೆಸಿ. ನಮ್ಮ ಅಡಿಕೆ ಗೊನೆಗೆ ಕೊಳೆ ರೋಗದ ಔಷಧಿ ಹೊಡೆಯಲು ಸದ್ಯ ಕಾರ್ಬನ್ ಫೈಬರಿನ ಉದ್ದ ದೋಟಿಯೇ (ಕೋಲು) ನನಗೆ ಸರಿ ಕಂಡಿದೆ.

ಹಾಕಿಸಿದ ಮೇಲೆ

ವಾರಕ್ಕೊಮ್ಮೆ ತೋಟ ಸುತ್ತಿ. ಹಗಲು ಕರೆಂಟು ಇರುವಾಗ ಪ್ರತಿ ಸಾಲಿನ ತುದಿಯ ಎಂಡ್ ಕ್ಯಾಪ್ ಬಿಚ್ಚಿ ಕೊಳೆ ಹೊರಗೆ ಬಿಡಿ. ಮೊದಲು ರಾತ್ರಿ ನೀರು ಕಟ್ಟಲು ಹೋದಾಗ ಒಡೆದ ಪೈಪು, ಬಿದ್ದ ಸೋಗೆ ಎಲ್ಲ ತಾನೇ ಕಣ್ಣಿಗೆ ಬೀಳುತ್ತಿತ್ತು. ಈಗ ಬೇಕಂತಲೇ ಹೋಗಿ ನೋಡಬೇಕು.

ಡಬ್ಬದ ಮೇಲೆ ‘ಆಟೋ, ಮ್ಯಾನುಯಲ್’ ಸ್ವಿಚ್ ಇರಲಿ. ಮನೆಯಲ್ಲಿ ಇನ್ನೊಬ್ಬರಿಗೆ ಅದನ್ನು ಕಲಿಸಿ. ನಮ್ಮಮ್ಮನಿಗೆ ಆ್ಯಪ್ ಬರುವುದಿಲ್ಲ, ಸ್ವಿಚ್ ಬರುತ್ತದೆ. ನಾನು ಊರಲ್ಲಿ ಇಲ್ಲದಾಗ ಅದರಲ್ಲೇ ನಡೆಸುತ್ತಾರೆ.

ಮೋಟರ್, ಪೈಪು, ಸ್ಟಾರ್ಟರ್, ಯಾವುದಕ್ಕೆ ಕೈ ಹಾಕುವಾಗಲೂ ಫೋನಿನಲ್ಲಿ ಆಫ್ ಮಾಡಿದ್ದೇನೆ ಅಂತ ನಂಬಬೇಡಿ. ನೀವು ಡಬ್ಬ ಬಿಚ್ಚಿ ಕೂತಿರುವಾಗ ದಾವಣಗೆರೆಯಲ್ಲಿರುವ ತಮ್ಮ ಕರೆಂಟು ಬಂತು ಅಂತ ಮೆಸೇಜ್ ನೋಡಿ ಆನ್ ಒತ್ತಬಹುದು. ಆಟೋ ಇದ್ದರೆ ಯಾರೂ ಒತ್ತುವುದೂ ಬೇಡ. ಮೇನ್ ಇಳಿಸಿ, ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ. ಆಮೇಲೆ ಸ್ಕ್ರೂ ಡ್ರೈವರ್ ಹಿಡಿಯಿರಿ.